ಬಿಸಿಗೆ ಬೆಂದ ಪ್ರೊಜೆಕ್ಷನ್ ಟಿ.ವಿ. ಮತ್ತು ಮಂಡಿಪೇಟೆಯ ರಿಪೇರಿ ಅಂಗಡಿ

ತುಮಕೂರಿನ ಮಂಡಿಪೇಟೆಯ ಅಡ್ಡರಸ್ತೆಯೊಂದರಲ್ಲಿರುವ ಹಳೆಯ ಟಿ.ವಿ. ರಿಪೇರಿ ಅಂಗಡಿಗೆ ನಾನು ಹೋದದ್ದು ಬೇರೊಂದು ಕಡೆ 8,500 ರೂಪಾಯಿ ಕಳೆದುಕೊಂಡ ಮೇಲೆ. 2006ರಲ್ಲಿ ಕೊಂಡ ನಮ್ಮ 50 ಇಂಚಿನ ಎಲ್‌ಸಿಡಿ ಪ್ರೊಜೆಕ್ಷನ್ ಟಿ.ವಿ.ಯ ಪರದೆಯ ನಡುವೆ ಹಳದಿ ಕಲೆಯೊಂದು ಕಾಣಿಸಿಕೊಂಡು, ತಿಂಗಳೊಪ್ಪತ್ತಿನಲ್ಲಿ ಅಂಗೈ ಅಗಲಕ್ಕೆ ಹರಡಿತ್ತು. ಮನೆಗೆ ಬಂದು ನೋಡಿದ ಮೊದಲ ಸರ್ವಿಸ್‌ನವರು ಒಳಗಿನಿಂದ ಪರದೆಗೆ ಬೆಳಕು ಚೆಲ್ಲುವ ಲ್ಯಾಂಪ್ ಹಳೆಯದಾಗಿದೆ ಎಂದು ಅದನ್ನು ಬದಲಾಯಿಸಿದರು. ಚಿತ್ರವೇನೋ ಬೆಳಗಿತು, ಕಲೆಯೂ ಇನ್ನಷ್ಟು ಎದ್ದು ಕಾಣತೊಡಗಿತು.

ಮಂಡಿಪೇಟೆಯವರು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಟಿ.ವಿ.ಯ ಮೆನು ತೆರೆದು ನೋಡಿದರು. ಕಲೆ ಮೆನುವಿನ ಮೇಲೂ ಇದ್ದ ಜಾಗದಲ್ಲೇ ಇದ್ದುದರಿಂದ ದೋಷ ಕೇಬಲ್ಲಿನದಾಗಲಿ ಸೆಟ್‌ಟಾಪ್ ಬಾಕ್ಸಿನದಾಗಲಿ ಅಲ್ಲವೆಂದಾಯಿತು. "ಲ್ಯಾಂಪ್ ಸೊರಗಿದ್ರೆ ಪರದೆ ಪೂರ್ತಿ ಮಂಕಾಗುತ್ತೆ ಸಾರ್, ಹೀಗೆ ಒಂದೇ ಕಡೆ ಬಣ್ಣ ಕೆಡಲ್ಲ" ಎಂದರು. ಇಷ್ಟನ್ನು ಮೊದಲ ಸರ್ವಿಸ್‌ನವರು ಯಾಕೆ ನೋಡಲಿಲ್ಲವೆಂಬ ಪ್ರಶ್ನೆ ನನಗೆ ಇಂದಿಗೂ ಉಳಿದಿದೆ.

ಬಳಿಕ ಹಿಂಬದಿಯನ್ನು ಬಿಚ್ಚಿ ತೋರಿಸಿದರು. ಇಂಥ ಟಿ.ವಿ.ಯಲ್ಲಿ ಪಾದರಸದ ಲ್ಯಾಂಪಿನ ಬೆಳಕನ್ನು ಕನ್ನಡಿಗಳು ಕೆಂಪು, ಹಸಿರು, ನೀಲಿಯಾಗಿ ಬೇರ್ಪಡಿಸಿ, ಒಂದಂಗುಲಕ್ಕೂ ಚಿಕ್ಕದಾದ ಮೂರು ಎಲ್‌ಸಿಡಿ ಫಲಕಗಳ ಮೂಲಕ ಹಾಯಿಸುತ್ತವೆ. ಆಮೇಲೆ ಗಾಜಿನ ಪಟ್ಟಕವೊಂದು ಮೂರನ್ನೂ ಕೂಡಿಸಿ ಲೆನ್ಸಿಗೆ ಕಳುಹಿಸುತ್ತದೆ. ಫಲಕಗಳ ಅಕ್ಕಪಕ್ಕದಲ್ಲಿರುವ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸರ್ ಹಾಳೆಗಳು ತಾವು ತಡೆದ ಬೆಳಕನ್ನು ಶಾಖವಾಗಿ ನುಂಗಿಕೊಳ್ಳುವುದರಿಂದ ಅವು ಸದಾ ಬಿಸಿಯಲ್ಲೇ ಇರುತ್ತವೆ. ಸಾಮಾನ್ಯವಾಗಿ ಮೊದಲು ಕೆಡುವುದು ನೀಲಿ ಬೆಳಕಿನ ಹಾದಿ. ನೀಲಿ ಸರಿಯಾಗಿ ಬಾರದ ಕಡೆ ಕೆಂಪು ಹಸಿರುಗಳಷ್ಟೇ ಕೂಡಿ ಹಳದಿಯಾಗುತ್ತದೆ. ನಮ್ಮ ಟಿ.ವಿ.ಯ ಗಾಳಿ ಹೋಗುವ ಫಿಲ್ಟರಿನ ಮೇಲೆ ಧೂಳು ಕಂಬಳಿಯಂತೆ ಕೂತಿತ್ತು. ಹಾಲ್‌ನ ಮುಚ್ಚಿದ ಶೋಕೇಸಿನೊಳಗೆ ಅದನ್ನು ಕೂರಿಸಿದ್ದವರು, ಆಫ್ ಮಾಡಿದ ಮೇಲೂ ಕೆಲ ಹೊತ್ತು ತಿರುಗಬೇಕಾದ ಫ್ಯಾನನ್ನು ಗೋಡೆಯ ಸ್ವಿಚ್ಚಿನಿಂದಲೇ ನಿಲ್ಲಿಸುತ್ತಿದ್ದವರು ನಾವೇ ಆದ್ದರಿಂದ ಈ ವಿಷಯದಲ್ಲಿ ಯಾರನ್ನೂ ದೂರುವಂತಿಲ್ಲ.

ರಿಪೇರಿ ದುಬಾರಿಯಾಗುವುದು ಇಲ್ಲಿಂದ ಮುಂದೆ. ಮೂರು ಫಲಕಗಳನ್ನೂ ಚುಕ್ಕೆಗೆ ಚುಕ್ಕೆ ಹೊಂದುವಂತೆ ಪಟ್ಟಕಕ್ಕೆ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಒಂದನ್ನು ಕಿತ್ತು ಬೇರೆ ಹಾಕಿದರೆ ಅಕ್ಷರಗಳ ಅಂಚಿನಲ್ಲಿ ಬಣ್ಣದ ನೆರಳು ಬೀಳುತ್ತದೆ. ಹೀಗಾಗಿ ಆಪ್ಟಿಕಲ್ ಬ್ಲಾಕ್ ಎನ್ನುವ ಇಡೀ ಭಾಗವನ್ನೇ ಬದಲಾಯಿಸಬೇಕು. ಆದರೆ ಸೋನಿ ಕಂಪನಿ ಪ್ರೊಜೆಕ್ಷನ್ ಟಿ.ವಿ.ಗಳನ್ನು ನಿಲ್ಲಿಸುವುದಾಗಿ 2007ರಲ್ಲೇ ಪ್ರಕಟಿಸಿತ್ತು. ಕೊನೆಯವರೆಗೂ ಉಳಿದಿದ್ದ ಮಿತ್ಸುಬಿಷಿಯೂ 2012ರಲ್ಲಿ ಕೈಬಿಟ್ಟಿತು. ಈಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೂ ಸಿಗಬಹುದಾದದ್ದು ಗುಜರಿಗೆ ಹೋದ ಸೆಟ್ಟಿನಿಂದ ಕಳಚಿದ ಬ್ಲಾಕ್ ಮಾತ್ರ, ಮತ್ತು ಅದೂ ಇಷ್ಟೇ ವರ್ಷ ಇದೇ ಬಿಸಿಯಲ್ಲಿ ಬೆಂದಿರುತ್ತದೆ. ಅದಕ್ಕೆ ಅವರು ಹೇಳಿದ ಅಂದಾಜು 14,000 ರೂಪಾಯಿ, ಕೂಲಿ 2,500, ಗ್ಯಾರಂಟಿ ಇಲ್ಲ. ಇನ್ನಷ್ಟು ಹಣ ಸೇರಿಸಿದರೆ 43 ಇಂಚಿನ ಹೊಸ ಎಲ್‌ಇಡಿ ಟಿ.ವಿ.ಯೇ ಬರುವಾಗ ಇದಕ್ಕೆ ಕೈಹಾಕಬೇಡಿ ಎಂದು, ತಮ್ಮ ಕೂಲಿ ತಪ್ಪಿದರೂ ಅವರೇ ಹೇಳಿದರು.

ದೂರುಗಳೂ ಇವೆ. ಎರಡು ದಿನವೆಂದು ಇಟ್ಟುಕೊಂಡ ಸೆಟ್ಟನ್ನು ಬಿಚ್ಚಿ ನೋಡಲು 11 ದಿನ ತೆಗೆದುಕೊಂಡರು. ಅಂದಾಜನ್ನು ಬರೆದು ಕೊಡಿ ಎಂದರೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲಿ ಗೀಚಿ ಕೊಟ್ಟರು. ಬಿಲ್ಲಿನ ಪದ್ಧತಿಯೇ ಅಲ್ಲಿ ಇದ್ದಂತಿಲ್ಲ. ತಪಾಸಣೆಗೆ ತೆಗೆದುಕೊಂಡ 500 ರೂಪಾಯಿ ಮಾತ್ರ ನ್ಯಾಯವಾದದ್ದೇ. ಸೆಟ್ಟನ್ನು ನಾನು ಅಲ್ಲೇ ಬಿಟ್ಟೆ. ನಮ್ಮ ಹೊಸ ಲ್ಯಾಂಪು ಶಿರಾದ ಗ್ರಾಹಕರೊಬ್ಬರ ಅದೇ ಮಾದರಿಯ ಟಿ.ವಿ.ಗೆ ಆಗುತ್ತದೆಂದು 3,000 ಕೊಟ್ಟು ಇಟ್ಟುಕೊಂಡರು.

ಹೋಗುವವರು ಮೊದಲು ಪರದೆಯನ್ನು ಪೂರ್ತಿ ಬಿಳಿಯಾಗಿಸಿ ಒಂದು ಫೋಟೊ, ಪೂರ್ತಿ ಕಪ್ಪಾಗಿಸಿ ಇನ್ನೊಂದು ಫೋಟೊ ತೆಗೆದುಕೊಂಡು ಹೋಗಿ ತೋರಿಸುವುದು ಒಳ್ಳೆಯದು. ಕಲೆಯ ಆಕಾರ ನೋಡಿಯೇ ಅವರು ಬಹುಮಟ್ಟಿಗೆ ಹೇಳಬಲ್ಲರು. ಕ್ಯಾತ್ಸಂದ್ರದಿಂದ ಲಗೇಜ್ ಆಟೋಗೆ 600 ರೂಪಾಯಿ ತೆತ್ತು ಟಿ.ವಿ. ಸಾಗಿಸಿದ ಮೇಲೆ ಅವರು ಈ ಮಾತನ್ನು ನನಗೆ ಹೇಳಿದ್ದು.