ಒಂದೇ ತಿರುಪಿಗೆ ಕ್ಯಾಮೆರಾ ನೇತುಹಾಕಬೇಡಿ

ಮದುವೆಯ ಹಂಗಾಮು ಜೋರಾಗುವ ಮೊದಲೇ ಇದನ್ನು ನಮ್ಮ ಕಡೆಯ ಫೋಟೊಗ್ರಾಫರುಗಳಿಗೆ ತಲುಪಿಸಬೇಕೆಂದು ಬರೆಯುತ್ತಿದ್ದೇನೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಗಳಲ್ಲಿ ಮದುವೆ, ಸೀಮಂತ, ಜಾತ್ರೆಗಳ ಫೋಟೊ ತೆಗೆಯುವ ಹಲವರು ಈಗ ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಳ್ಳುವುದಿಲ್ಲ. ಭುಜದಿಂದ ಸೊಂಟಕ್ಕೆ ಅಡ್ಡವಾಗಿ ಇಳಿಯುವ ಸ್ಲಿಂಗ್ ಬೆಲ್ಟ್ ಹಾಕುತ್ತಾರೆ. ಕ್ಯಾಮೆರಾ ತಲೆಕೆಳಗಾಗಿ ಸೊಂಟದ ಪಕ್ಕದಲ್ಲಿ ತೂಗುತ್ತಿರುತ್ತದೆ, ಬೇಕೆಂದಾಗ ಸರಕ್ಕನೆ ಕಣ್ಣಿಗೆ ಬರುತ್ತದೆ. ಕುತ್ತಿಗೆಗೂ ಬೆನ್ನಿಗೂ ಆರಾಮ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರುಕಟ್ಟೆಯಲ್ಲಿ ಸಿಗುವ ಬಹಳಷ್ಟು ಅಗ್ಗದ ಬೆಲ್ಟುಗಳು ಕ್ಯಾಮೆರಾಕ್ಕೆ ಅಂಟಿಕೊಂಡಿರುವುದು ತಳದಲ್ಲಿ ಟ್ರೈಪಾಡಿಗೆಂದು (ಮೂರು ಕಾಲಿನ ಸ್ಟ್ಯಾಂಡಿಗೆ) ಇರುವ ರಂಧ್ರದಲ್ಲಿ ಕೂರಿಸಿದ ಒಂದೇ ಒಂದು ತಿರುಪಿನಿಂದ. ಅದು ಕಳಚಿದರೆ ಹಿಡಿಯಲು ಇನ್ನೇನೂ ಇಲ್ಲ.

ನನ್ನದು ಕಳಚಿತು. ಗದಗಿನ ಒಂದು ಕಲ್ಯಾಣ ಮಂಟಪದಲ್ಲಿ ಅಕ್ಷತೆ ಮುಗಿದು, ವಧೂವರರಿಗೆ ಉಡುಗೊರೆ ಕೊಡುವವರ ಸಾಲು ಬೆಳೆದಿತ್ತು. ಎರಡನೆಯ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ವೇದಿಕೆಯ ಮೆಟ್ಟಿಲು ಇಳಿಯುತ್ತಿದ್ದೆ. ಸೊಂಟದ ಮೇಲಿನ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಕ್ಯಾಮೆರಾದ ಬಾಡಿ, 24–70 ಮಿ.ಮೀ. ಲೆನ್ಸ್, ಫ್ಲ್ಯಾಶ್ ಮೂರೂ ಸೇರಿ ಸುಮಾರು 2 ಕೆ.ಜಿ. ತೂಕ. ಅದು ಗ್ರಾನೈಟ್ ಮೆಟ್ಟಿಲಿನ ಅಂಚಿಗೆ ಬಡಿದು, ಪುಟಿದು, ಕೆಳಗೆ ಕುಳಿತು ಲಾಡು ತಿನ್ನುತ್ತಿದ್ದ ಪುಟ್ಟ ಹುಡುಗಿಯ ಕಾಲ ಬಳಿ ಹೋಗಿ ಬಿದ್ದಿತು. ಒಂದು ಗೇಣು ಆಚೆ ಹೋಗಿದ್ದರೆ ಮಗುವಿನ ತಲೆಗೆ ತಾಗುತ್ತಿತ್ತು. ಲೆನ್ಸನ್ನು ಬಾಡಿಗೆ ಕೂರಿಸುವ ಬಳೆ, ಅಂದರೆ ಮೌಂಟ್, ಬಾಗಿ ಕಿತ್ತುಬಂದಿತ್ತು, ಫ್ಲ್ಯಾಶಿನ ಪಾದ ಮುರಿದಿತ್ತು. ಮೆಮೊರಿ ಕಾರ್ಡ್ ಉಳಿದದ್ದರಿಂದ ಮದುಮಕ್ಕಳ ಚಿತ್ರಗಳು ಉಳಿದವು. ಬಿದ್ದು ಆದ ಹಾನಿಗೆ ಕಂಪನಿಯ ವಾರಂಟಿ ಅನ್ವಯಿಸುವುದಿಲ್ಲ. ಲೆನ್ಸ್ ದುರಸ್ತಿಗೆ ಹೇಳಿದ ಮೊತ್ತದಲ್ಲಿ ಅದೇ ಲೆನ್ಸನ್ನು ಹಳೆಯದಾಗಿ ಕೊಳ್ಳಬಹುದಿತ್ತು. ಇಷ್ಟೆಲ್ಲ ನಷ್ಟವಾದರೂ ನನ್ನನ್ನು ಇಂದಿಗೂ ಕಾಡುವುದು ಆ ಮಗು ಕುಳಿತಿದ್ದ ಜಾಗ.

ಬೀಳುವಾಗ ಹಿಡಿದುಕೊಳ್ಳುತ್ತೇನೆ ಎಂದು ಯಾರೂ ನಂಬಿ ಕೂರಬೇಡಿ. ಸೊಂಟದೆತ್ತರದಿಂದ, ಅಂದರೆ ಒಂದು ಮೀಟರ್ ಮೇಲಿನಿಂದ ಬಿದ್ದ ವಸ್ತು ಅರ್ಧ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಏನಾಯಿತು ಎಂದು ತಿಳಿಯುವ ಮೊದಲೇ ಎಲ್ಲ ಮುಗಿದಿರುತ್ತದೆ.

ಬೆಳಿಗ್ಗೆ ಗಟ್ಟಿಯಾಗಿ ಬಿಗಿದಿದ್ದ ತಿರುಪು ಮಧ್ಯಾಹ್ನದೊಳಗೆ ಕಳಚಿದ್ದು ಹೇಗೆ ಎಂಬುದೇ ನೀವೆಲ್ಲ ತಿಳಿಯಬೇಕಾದ ಸಂಗತಿ. ಟ್ರೈಪಾಡ್ ತಿರುಪಿನ ಅಳತೆ ಬಹುಪಾಲು ಎಲ್ಲ ಕಂಪನಿಗಳ ಕ್ಯಾಮೆರಾಗಳಲ್ಲೂ ಒಂದೇ: ಕಾಲು ಇಂಚು ದಪ್ಪ, ಇಂಚಿಗೆ 20 ಥ್ರೆಡ್ (ತಿರುಪಿನ ಸುರುಳಿ ಗೆರೆ). ತಿರುಪು ಪೂರ್ತಿ ಒಂದು ಸುತ್ತು ತಿರುಗಿದರೆ 1.27 ಮಿ.ಮೀ. ಹೊರಗೆ ಬರುತ್ತದೆ. ಕ್ಯಾಮೆರಾದ ತಳದ ರಂಧ್ರದ ಆಳವೋ ಸುಮಾರು 5 ಮಿ.ಮೀ. ಲೆಕ್ಕ ಹಾಕಿ ನೋಡಿ. ಬಿಗಿಯಾಗಿ ಕುಳಿತ ತಿರುಪಿಗೂ ಪೂರ್ತಿ ಕಳಚಿದ ತಿರುಪಿಗೂ ನಡುವೆ ಇರುವುದು ನಾಲ್ಕೇ ಸುತ್ತು. ಟ್ರೈಪಾಡಿನ ಮೇಲೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಕ್ಯಾಮೆರಾದ ಭಾರವನ್ನು ತಟ್ಟೆ ಹೊರುತ್ತದೆ, ತಿರುಪು ಅದನ್ನು ಅಲುಗದಂತೆ ಹಿಡಿಯುತ್ತದೆ ಅಷ್ಟೇ. ಸ್ಲಿಂಗ್ ಬೆಲ್ಟಿನಲ್ಲಿ ಇಡೀ ಭಾರ ಆ ತಿರುಪಿನಿಂದಲೇ ಜೋತುಬಿದ್ದಿರುತ್ತದೆ. ನಡೆದಾಗ ತೂಗಾಡುತ್ತದೆ, ಕಣ್ಣಿಗೆ ಎತ್ತಿದಾಗಲೆಲ್ಲ ತಿರುಚಿಕೊಳ್ಳುತ್ತದೆ.

ಈ ತಿರುಚು ತಿರುಪಿಗೆ ತಲುಪಬಾರದೆಂದೇ ಬೆಲ್ಟಿಗೂ ತಿರುಪಿಗೂ ನಡುವೆ ಸರಾಗವಾಗಿ ತಿರುಗುವ ಕೊಂಡಿಯೊಂದನ್ನು ಇಟ್ಟಿರುತ್ತಾರೆ. ಒಳ್ಳೆಯ ಬೆಲ್ಟಿನಲ್ಲಿ ಅದು ಬೆರಳು ತಾಗಿದರೂ ತಿರುಗುತ್ತದೆ. ಕಳಪೆ ಬೆಲ್ಟಿನಲ್ಲಿ ಬೆವರು, ದೂಳು ಸೇರಿ ಕೆಲವೇ ವಾರಗಳಲ್ಲಿ ಬಿಗಿದುಕೊಳ್ಳುತ್ತದೆ. ನನ್ನ ಬೆಲ್ಟಿನ ಕೊಂಡಿಯಲ್ಲಿ ಅರಿಶಿನ ಹಚ್ಚಿದ ಅಕ್ಷತೆಯ ನುಚ್ಚೇ ಸಿಕ್ಕಿತು. ಕೊಂಡಿ ತಿರುಗದೆ ಹೋದಾಗ ತಿರುಚಿನ ಬಲವೆಲ್ಲ ನೇರವಾಗಿ ತಿರುಪಿನ ಮೇಲೆ ಬೀಳುತ್ತದೆ. ಅದರ ಕೆಳಗಿನ ರಬ್ಬರ್ ವಾಷರ್ ಒಣಗಿ ಗಟ್ಟಿಯಾಗಿದ್ದರೆ ತಡೆಯುವ ಹಿಡಿತವೂ ಇರುವುದಿಲ್ಲ. ಸ್ವಲ್ಪ ಸ್ವಲ್ಪವೇ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಆ ತಿರುಪನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಲೇತ್ ನಡೆಸುವ ಪರಿಚಯದ ಕಾಕಾ ಒಬ್ಬರ ಬಳಿ ಒಯ್ದೆ. ಅವರು ಅದನ್ನು ಒಮ್ಮೆ ಅರದಿಂದ ಉಜ್ಜಿದರು. ಮೇಲಿನ ಹೊಳಪು ಸಿಪ್ಪೆಯಂತೆ ಎದ್ದು ಒಳಗೆ ಬೂದು ಬಣ್ಣದ ಮೆದು ಲೋಹ ಕಂಡಿತು. "ತಮ್ಮಾ, ಇದು ಉಕ್ಕಲ್ಲ, ಸತುವಿನ ಎರಕ. ಥ್ರೆಡ್ ಆಗಲೇ ಸವೆದಿದೆ. ಇದಕ್ಕೆ ಬಾಗಿಲ ಚಿಲಕವನ್ನೂ ನಾನು ಹಾಕುವುದಿಲ್ಲ" ಎಂದರು. ಅಯಸ್ಕಾಂತ ಹಿಡಿದು ಪರೀಕ್ಷಿಸಿದರೆ ಸಾಲದೇ ಎಂದು ಕೇಳಿದೆ. ಸಾಲದು, ಸ್ಟೇನ್‌ಲೆಸ್ ಸ್ಟೀಲಿನ ಕೆಲವು ಒಳ್ಳೆಯ ಬಗೆಗಳಿಗೂ ಅಯಸ್ಕಾಂತ ಹಿಡಿಯುವುದಿಲ್ಲ. ಥ್ರೆಡ್‌ನ ಅಂಚು ಚೂಪಾಗಿದೆಯೇ, ಸುತ್ತಲೂ ಒಂದೇ ಸಮನಾಗಿದೆಯೇ ಎಂದು ಬೆಳಕಿನಲ್ಲಿ ಹಿಡಿದು ನೋಡಬೇಕು. ಎರಕದ ಜೋಡಣೆಯ ಗೆರೆ ಕಂಡರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಅವರು ಇನ್ನೊಂದು ಮಾತು ಹೇಳಿದರು, ಅದನ್ನು ಮರೆಯದೆ ಇಲ್ಲಿ ಸೇರಿಸುತ್ತಿದ್ದೇನೆ. ತಿರುಪು ಕಳೆದುಹೋದಾಗ ಕೆಲವರು ಹಾರ್ಡ್‌ವೇರ್ ಅಂಗಡಿಯಿಂದ 6 ಮಿ.ಮೀ. ಬೋಲ್ಟ್ ತಂದು ಹಾಕುತ್ತಾರೆ. ಕಾಲು ಇಂಚು ಎಂದರೆ 6.35 ಮಿ.ಮೀ.; 6 ಮಿ.ಮೀ. ಬೋಲ್ಟಿನ ಥ್ರೆಡ್ ಸಾಮಾನ್ಯವಾಗಿ 1 ಮಿ.ಮೀ. ಅಂತರದ್ದು. ಕೂಡಿಕೊಂಡಂತೆ ಕಂಡರೂ ಅದು ಕೂಡಿಕೊಂಡಿರುವುದಿಲ್ಲ. ಬಲವಂತದಿಂದ ಬಿಗಿದರೆ ಕ್ಯಾಮೆರಾದ ತಳದ ರಂಧ್ರವೇ ಹಾಳಾಗುತ್ತದೆ.

ಈಗ ಏನು ಮಾಡಬೇಕು ಎಂಬ ಮಾತು. ಸ್ಲಿಂಗ್ ಬೆಲ್ಟನ್ನು ಬಿಟ್ಟೇಬಿಡಿ ಎಂದು ನಾನು ಹೇಳುವುದಿಲ್ಲ. ದಿನವಿಡೀ ಎರಡು ಕ್ಯಾಮೆರಾ ಹೊತ್ತು ನಿಂತವರಿಗೆ ಅದರ ಬೆಲೆ ಗೊತ್ತು. ಆದರೆ ಎರಡನೆಯ ಹಿಡಿತವಿಲ್ಲದೆ ಅದನ್ನು ಹಾಕಲೇಬೇಡಿ. ಕ್ಯಾಮೆರಾದ ಮೇಲ್ಭಾಗದ ಎರಡೂ ಬದಿಗೆ ಬೆಲ್ಟ್ ಪೋಣಿಸಲು ಕಂಪನಿಯವರೇ ಕೊಟ್ಟ ಲೋಹದ ಕಿವಿಗಳಿವೆಯಲ್ಲ, ಅವುಗಳಲ್ಲಿ ಒಂದರಿಂದ ಬೆಲ್ಟಿನ ಮುಖ್ಯ ಪಟ್ಟಿಗೆ ಗಟ್ಟಿ ನೈಲಾನ್ ದಾರದ ತುಂಡೊಂದನ್ನು ಕಟ್ಟಿ. ತಿರುಪಿನ ಕೊಂಡಿಗೆ ಕಟ್ಟಿದರೆ ಪ್ರಯೋಜನವಿಲ್ಲ; ಆ ಕೊಂಡಿಯೇ ಮುರಿದರೆ ದಾರವೂ ಅದರ ಜೊತೆಗೇ ಹೋಗುತ್ತದೆ. ಸೇಫ್ಟಿ ದಾರವೆಂದು ಸಿದ್ಧವಾಗಿಯೇ ಸಿಗುತ್ತದೆ, ಬೆಲೆ ಬೆಲ್ಟಿಗಿಂತ ತೀರಾ ಕಡಿಮೆ. ಇಷ್ಟಿದ್ದರೆ ತಿರುಪು ಕಳಚಿದ ದಿನವೂ ಕ್ಯಾಮೆರಾ ಓರೆಯಾಗಿ ತೂಗುತ್ತದೆ, ನೆಲಕ್ಕೆ ಬೀಳುವುದಿಲ್ಲ.

ತಿರುಪಿನ ತಲೆಯಿಂದ ಅದರ ಪಕ್ಕದ ತಳದವರೆಗೆ ಒಂದು ತುಂಡು ಟೇಪು ಅಂಟಿಸಿ ಉಗುರುಬಣ್ಣದಿಂದ ನೇರ ಗೆರೆ ಎಳೆದಿಡಿ, ನಂತರ ಎರಡರ ನಡುವೆ ಟೇಪನ್ನು ಕತ್ತರಿಸಿ. ಗೆರೆ ಸಾಲು ತಪ್ಪಿದರೆ ತಿರುಪು ತಿರುಗಿದೆ ಎಂದೇ ಅರ್ಥ; ದೂರದಿಂದಲೂ ಕಾಣುತ್ತದೆ. ಬ್ಯಾಟರಿ ಬದಲಿಸುವಾಗಲೆಲ್ಲ ಒಮ್ಮೆ ಕೈಯಿಂದ ಬಿಗಿದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ತಿರುಪಿಗೆ ಅಂಟು ಹಾಕಿಬಿಟ್ಟರೆ ಮುಗಿಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಬೇಡ. ಥ್ರೆಡ್ ಲಾಕರ್ ದ್ರವಗಳು ಕೆಲವು ಬಗೆಯ ಪ್ಲಾಸ್ಟಿಕ್ಕಿನಲ್ಲಿ ಬಿರುಕು ಮೂಡಿಸುತ್ತವೆ, ಕ್ಯಾಮೆರಾದ ಹೊರಕವಚದಲ್ಲಿ ಪ್ಲಾಸ್ಟಿಕ್ ಇದ್ದೇ ಇರುತ್ತದೆ. ಮೇಲಾಗಿ ಟ್ರೈಪಾಡಿಗೆ ಹಾಕಬೇಕಾದಾಗ ಪೇಚಾಡಬೇಕಾಗುತ್ತದೆ.

ಕ್ಯಾಮೆರಾದ ಪೆಟ್ಟಿಗೆಯಲ್ಲೇ ಬರುವ ಕುತ್ತಿಗೆಯ ಬೆಲ್ಟನ್ನು ಹಳೆಯ ಕಾಲದ್ದೆಂದು ಮೂಲೆಗೆ ಎಸೆಯಬೇಡಿ. ಅದು ಎರಡು ಕಿವಿಗಳಿಂದ ತೂಗುತ್ತದೆ, ತಿರುಗಿ ಬಿಚ್ಚಿಕೊಳ್ಳುವ ತಿರುಪು ಅದರಲ್ಲಿಲ್ಲ. ಉದ್ದ ಮಾಡಿ ಅಡ್ಡವಾಗಿ ಹಾಕಿಕೊಂಡರೆ ಕುತ್ತಿಗೆಯ ಭಾರ ಭುಜಕ್ಕೆ ಹಂಚಿಕೆಯಾಗುತ್ತದೆ. ಪೋಣಿಸುವಾಗ ಪಟ್ಟಿಯ ತುದಿಯನ್ನು ಬಕಲ್ಲಿನೊಳಗೆ ಮರಳಿ ಹಾಯಿಸಿ, ತುದಿ ಒಳಬದಿಯಲ್ಲೇ ಉಳಿಯುವಂತೆ ಎಳೆಯಿರಿ. ಕೈಪಿಡಿಯಲ್ಲಿ ಅದರ ಚಿತ್ರವೇ ಇದೆ. ಒಂದೇ ಸುತ್ತು ಹಾಯಿಸಿ ಬಿಟ್ಟ ಪಟ್ಟಿ ದಿನ ಕಳೆದಂತೆ ಜಾರುತ್ತದೆ. ಕಿವಿಗೆ ದುಂಡನೆಯ ಬಿಲ್ಲೆ ಕಟ್ಟಿ ಬೆಲ್ಟನ್ನು ಚಟಕ್ಕೆಂದು ಹಾಕಿ ತೆಗೆಯುವ ಪೀಕ್ ಡಿಸೈನ್ ಕಂಪನಿಯ ಮಾದರಿಯೂ ಚೆನ್ನಾಗಿದೆ. ಅದರ ಒಂದೊಂದು ಬಿಲ್ಲೆ 90 ಕೆ.ಜಿ.ವರೆಗೆ ತಡೆಯುತ್ತದೆಂದು ಕಂಪನಿ ಹೇಳುತ್ತದೆ. ಬಿಲ್ಲೆಯ ದಾರದ ಹೊರಪದರ ಸವೆದು ಒಳಗಿನ ಬೇರೆ ಬಣ್ಣದ ಎಳೆ ಕಂಡ ದಿನವೇ ಅದನ್ನು ಬದಲಿಸಬೇಕು. ಅದರ ನಕಲಿಗೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ.

ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳಿಗಾಗಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗುವ ಗೆಳೆಯರಿಗೆ ಒಂದು ಮಾತು. 150–600 ಮಿ.ಮೀ. ಉದ್ದ ಲೆನ್ಸುಗಳೇ 2 ಕೆ.ಜಿ. ಆಸುಪಾಸಿನಲ್ಲಿರುತ್ತವೆ. ಬೆಲ್ಟನ್ನು ಕ್ಯಾಮೆರಾಕ್ಕೆ ಕಟ್ಟಿದರೆ ಆ ಭಾರವೆಲ್ಲ ಮೌಂಟಿನ ಮೇಲೆ ಬೀಳುತ್ತದೆ. ಲೆನ್ಸನ್ನು ಸುತ್ತಿ ಹಿಡಿಯುವ ಬಳೆಗೆ, ಅಂದರೆ ಕಾಲರ್‌ಗೆ ಕಟ್ಟಿ, ದಾರವನ್ನು ಬಾಡಿಯ ಕಿವಿಗೆ ಹಾಕಿ. ಕಾಲರಿನ ಗುಬುಟು ಬಿಗಿದಿದೆಯೇ ಎಂದು ಏರಿಯ ಮೇಲೆ ನಡೆಯುವ ಮೊದಲೇ ನೋಡಿಕೊಳ್ಳಿ.

ಹಾವೇರಿ ಕಡೆ ದೀಪಾವಳಿಯ ಹೊತ್ತಿನ ಹೋರಿ ಹಬ್ಬದ ಚಿತ್ರ ತೆಗೆಯುವವರಿಗೆ ನನ್ನ ಸಲಹೆ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಮೈಗೆ ಅಡ್ಡವಾಗಿ ಯಾವ ಬೆಲ್ಟನ್ನೂ ಹಾಕಬೇಡಿ. ಕೊಬ್ಬರಿ ಹಾರ ಹೊತ್ತು ಓಡುವ ಹೋರಿಯ ಕೋಡಿಗೋ, ಹಗ್ಗಕ್ಕೋ, ನುಗ್ಗುವ ಜನರ ಕೈಗೋ ಬೆಲ್ಟ್ ಸಿಕ್ಕಿಕೊಂಡರೆ ನಿಮ್ಮನ್ನೂ ಎಳೆದೊಯ್ಯುತ್ತದೆ. ಮಣಿಕಟ್ಟಿನ ಪಟ್ಟಿ ಸಾಕು, ಕ್ಯಾಮೆರಾ ಹೋದರೂ ಜೀವ ಉಳಿಯಲಿ. ಬೇಲಿಯ ಹೊರಗೆ ನಿಂತು ಉದ್ದ ಲೆನ್ಸಿನಲ್ಲೇ ತೆಗೆಯಿರಿ.

ಬೈಕಿನ ಮೇಲೆ ಊರಿಂದ ಊರಿಗೆ ಹೋಗುವಾಗ ಕ್ಯಾಮೆರಾ ಕುತ್ತಿಗೆಯಲ್ಲೂ ಬೇಡ, ಸ್ಕೂಟರಿನ ಮುಂದಿನ ಕೊಕ್ಕೆಯಲ್ಲೂ ಬೇಡ. ಬಿದ್ದರೆ ಎದೆಗೂ ನೆಲಕ್ಕೂ ನಡುವೆ ಸಿಗುವುದು ಅದೇ. ಮೆತ್ತೆಯಿರುವ ಬ್ಯಾಗಿನಲ್ಲಿ, ಲೆನ್ಸ್ ಬಿಚ್ಚಿ, ಎದೆಪಟ್ಟಿ ಹಾಕಿ ಬೆನ್ನಿಗೆ ಏರಿಸಿ. ಸ್ಲಿಂಗಿನ ತಿರುಪನ್ನು ಕ್ಯಾಮೆರಾದಲ್ಲೇ ಬಿಟ್ಟು ಬ್ಯಾಗಿಗೆ ಹಾಕಬೇಡಿ. ರಸ್ತೆಯ ಕುಲುಕಾಟಕ್ಕೆ ಅದು ಸಡಿಲವಾಗುವುದು ಅಲ್ಲಿಯೇ.

ಕೊನೆಗೆ ಅಂಗಡಿಯ ಮಾತು. ಬೆಲ್ಟನ್ನು ನನಗೆ ಹೆಸರಾಂತ ಕಂಪನಿಯ ಅಸಲಿ ಮಾಲೆಂದು ಹೇಳಿ ಮಾರಿದ್ದರು, ಬೆಲೆಯನ್ನೂ ಹಾಗೆಯೇ ತೆಗೆದುಕೊಂಡಿದ್ದರು. ಬಿಲ್ಲು ಕೇಳಿದ್ದಕ್ಕೆ ಅಂಗಡಿಯ ಹೆಸರೂ ಜಿಎಸ್‌ಟಿ ಸಂಖ್ಯೆಯೂ ಇಲ್ಲದ ಚೀಟಿ ಕೊಟ್ಟಿದ್ದರು. ಮುರಿದ ಲೆನ್ಸನ್ನು ಗಲ್ಲೆಯ ಮೇಲೆ ಇಟ್ಟಾಗ ಬಂದ ಉತ್ತರ: "ಸರ್, ಬೆಲ್ಟಿಗೆಲ್ಲ ಯಾರು ಗ್ಯಾರಂಟಿ ಕೊಡುತ್ತಾರೆ? ಬೇಕಿದ್ದರೆ ಇನ್ನೊಂದು ಬೆಲ್ಟ್ ಒಯ್ಯಿರಿ." ಅದೇ ಮಾಲು ಆ ಹೊತ್ತಿಗೂ ಅಲ್ಲಿ ಸಾಲಾಗಿ ತೂಗುತ್ತಿತ್ತು, ಇಬ್ಬರು ಹುಡುಗರು ಅದನ್ನೇ ನೋಡುತ್ತ ನಿಂತಿದ್ದರು. ಅವರಿಗೆ ಅಲ್ಲಿಯೇ ನಡೆದದ್ದನ್ನು ಹೇಳಿದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದ ವಸ್ತುವಿಗೆ ಬಿಲ್ಲು ಕೊಡದಿರುವುದೇ ಅನ್ಯಾಯದ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವಿನಿಂದ ಆದ ಹಾನಿಗೆ ಪರಿಹಾರ ಕೇಳಲೂ ಅದರಲ್ಲಿ ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನಾನು ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ, ಆಯೋಗಕ್ಕೂ ಹೋಗುವವನಿದ್ದೇನೆ. ನಿಮಗೂ ಹೀಗೆಯೇ ಆಗಿದ್ದರೆ ಕಳಚಿದ ತಿರುಪು, ಬೆಲ್ಟ್, ಅದರ ಪೆಟ್ಟಿಗೆ, ಹಣ ಕಳಿಸಿದ ಮೊಬೈಲ್ ಸಂದೇಶ ಯಾವುದನ್ನೂ ಎಸೆಯಬೇಡಿ, ಅಳಿಸಬೇಡಿ. ದುರಸ್ತಿಗೆ ಕೊಡುವ ಮೊದಲು ಮುರಿದ ಭಾಗಗಳ ಚಿತ್ರವನ್ನು ದಿನಾಂಕದ ಸಮೇತ ತೆಗೆದಿಟ್ಟುಕೊಳ್ಳಿ, ದುರಸ್ತಿಯವರಿಂದ ಹಾನಿಯ ವಿವರವನ್ನು ಬರವಣಿಗೆಯಲ್ಲೇ ಪಡೆಯಿರಿ.