ನಲ್ಲಿಯ ಮೂತಿಗೆ ಏರೇಟರ್, ಹಾಲಿನ ತಳಕ್ಕೊಂದು ಬಿಲ್ಲೆ: ಬಹಳ ಕಾಲ ಬಳಸಿದ ಮೇಲಿನ ಅನಿಸಿಕೆ

ಮನೆಗೆ ಬೇಕಾದ ಸಣ್ಣಪುಟ್ಟ ಸಾಮಾನುಗಳ ವಿಮರ್ಶೆಗಳಲ್ಲಿ ಹೆಚ್ಚಿನವು ಡಬ್ಬಿ ತೆರೆದ ವಾರದಲ್ಲೇ ಬರೆದವು. ಆ ವಾರ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ ಮೇಲೆ, ರಬ್ಬರ್ ಸಡಿಲವಾದ ಮೇಲೆ, ಮನೆಯವರಿಗೆಲ್ಲ ಅದು ಹಳೆಯದಾದ ಮೇಲೆ ಇನ್ನೂ ಕೆಲಸ ಮಾಡುತ್ತಿದೆಯಾ ಅನ್ನುವುದು ನನಗೆ ಮುಖ್ಯ. ಅದಕ್ಕೇ 2024ರ ಬೇಸಿಗೆಯಿಂದ ಒಂದೊಂದಾಗಿ ನಮ್ಮ ಮನೆ ಸೇರಿದ ಕೆಲವು ವಸ್ತುಗಳ ಬಗ್ಗೆ ಈಗ ಬರೆಯುತ್ತಿದ್ದೇನೆ. ಇಂಥವು ಅಂಗಡಿಯಲ್ಲಿ ಸಿಗುತ್ತವೆ ಅಂತಲೇ ಅದಕ್ಕೂ ಮೊದಲು ನನಗೆ ಗೊತ್ತಿರಲಿಲ್ಲ.

ಮೊದಲನೆಯದು ನಲ್ಲಿಯ ಏರೇಟರ್. ಆ ಬೇಸಿಗೆ ಬೆಂಗಳೂರಿನವರಿಗೆ ಮರೆಯುವಂಥದ್ದಲ್ಲ. ಬೋರ್‌ವೆಲ್‌ಗಳು ಬತ್ತಿದ್ದವು, ಟ್ಯಾಂಕರ್‌ಗೆ ಫೋನ್ ಮಾಡಿ ಕಾಯಬೇಕಿತ್ತು. ಮಾರ್ಚ್‌ನಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ಅಂಗಡಿ ಮುಂಗಟ್ಟುಗಳ ನಲ್ಲಿಗಳಿಗೆ ಏರೇಟರ್ ಹಾಕಲೇಬೇಕು ಅಂತ ಆದೇಶ ಹೊರಡಿಸಿತು. ನಮ್ಮದು ಸ್ವಂತ ಮನೆ, ಅಪಾರ್ಟ್‌ಮೆಂಟ್ ಅಲ್ಲ. ಆದರೂ ಆ ಸುದ್ದಿ ಓದಿದ ಮೇಲೆಯೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೇಳಿದೆ. ಬೆರಳ ತುದಿಯಷ್ಟು ದಪ್ಪದ, ಒಳಗೆ ಪ್ಲಾಸ್ಟಿಕ್ ಜಾಲರಿ ಇರುವ ಒಂದು ಉಂಗುರ ಕೊಟ್ಟರು. ಬೆಲೆ ನೂರು ರೂಪಾಯಿ ಆಸುಪಾಸು.

ಇದರ ಕೆಲಸ ಸರಳ. ನೀರು ಸಣ್ಣ ತೂತುಗಳ ಮೂಲಕ ನುಗ್ಗುವಾಗ ಪಕ್ಕದಿಂದ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಹೀಗಾಗಿ ಧಾರೆ ದಪ್ಪವಾಗಿಯೇ ಕಾಣುತ್ತದೆ, ಆದರೆ ಅದರಲ್ಲಿ ನೀರು ಕಡಿಮೆ. ಕೈಗೆ ಮೆತ್ತಗೆ ಬೀಳುತ್ತದೆ, ಸಿಂಕ್‌ನಿಂದ ಸೊಂಟಕ್ಕೆ ಸಿಡಿಯುವುದಿಲ್ಲ. ಮೊದಲ ದಿನ ನಮ್ಮ ಅತ್ತೆ "ನಲ್ಲಿ ಕೆಟ್ಟಿದೆ ಅನ್ಸುತ್ತಮ್ಮ, ನೀರು ಬೆಳ್ಳಗೆ ಬರ್ತಿದೆ ನೋಡು" ಅಂದರು. ಆ ಬಿಳುಪು ಬರೀ ಗಾಳಿ. ಲೋಟಕ್ಕೆ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ತಿಳಿಯಾಗುತ್ತದೆ.

ಎಷ್ಟು ಉಳಿತಾಯ ಅಂತ ಯಾರು ಬೇಕಾದರೂ ಮನೆಯಲ್ಲೇ ಅಳೆಯಬಹುದು. ಒಂದು ಲೀಟರಿನ ಜಗ್ಗನ್ನು ನಲ್ಲಿಯ ಕೆಳಗಿಟ್ಟು, ಮೊಬೈಲಿನಲ್ಲಿ ಸೆಕೆಂಡ್ ಎಣಿಸಿ. ನಮ್ಮ ಅಡುಗೆಮನೆ ನಲ್ಲಿಯಲ್ಲಿ ಮೊದಲು ಸುಮಾರು 6 ಸೆಕೆಂಡಿಗೆ ಜಗ್ ತುಂಬುತ್ತಿತ್ತು. ಅಂದರೆ ನಿಮಿಷಕ್ಕೆ 10 ಲೀಟರ್. 6 ಎಲ್‌ಪಿಎಂ, ಅಂದರೆ ನಿಮಿಷಕ್ಕೆ 6 ಲೀಟರ್ ಅಂತ ಬರೆದಿದ್ದ ಏರೇಟರ್ ಹಾಕಿದ ಮೇಲೆ 12 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಕೈ ತೊಳೆಯುವ ಬೇಸಿನ್‌ಗೆ 3 ಎಲ್‌ಪಿಎಂ ಹಾಕಿದ್ದೇವೆ, ಅಲ್ಲಿ ಅಷ್ಟು ಧಾರಾಳ ಸಾಕು. ನಲ್ಲಿ ಬಿಟ್ಟುಕೊಂಡೇ ಪಾತ್ರೆ ತೊಳೆಯುವ ಮನೆಗಳಲ್ಲಿ ಅರ್ಧಕ್ಕರ್ಧ ನೀರು ಉಳಿಯುತ್ತದೆ.

ಈಗ ಪ್ಯಾಕೆಟ್ ಮೇಲೆ ಬರೆಯದ ವಿಷಯ. ಅಲ್ಲಿ ಅಚ್ಚಾಗಿರುವ ಅಂಕಿ ಸಾಮಾನ್ಯವಾಗಿ ಒಳ್ಳೆ ಒತ್ತಡವಿರುವ ಪೈಪಿಗೆ ಹೇಳಿದ್ದು. ನಮ್ಮ ಮನೆಗಳಲ್ಲಿ ನೀರು ಬರುವುದು ತಾರಸಿಯ ಟ್ಯಾಂಕಿನಿಂದ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್ ಮಾತ್ರ. ಕೆಳಮನೆಯಲ್ಲಿರುವ ನಮಗೆ ಅದು ಹೇಗೋ ಸಾಕಾಗುತ್ತದೆ. ಟ್ಯಾಂಕಿನ ಕೆಳಗೇ ಇರುವ ಮೇಲ್ಮನೆಯಲ್ಲಿ ನನ್ನ ಮೈದುನನ ಸಂಸಾರ ಇದೆ. ಅಲ್ಲಿ ಅದೇ 3 ಎಲ್‌ಪಿಎಂ ಏರೇಟರ್ ಹಾಕಿ ನೋಡಿದರೆ ನೀರು ದಾರದಂತೆ ಇಳಿಯಿತು. ಅವರಿಗೆ ಅಂಕಿಯಿಲ್ಲದ, ಬರೀ ಜಾಲರಿಯ ಏರೇಟರ್ ಸರಿಹೋಯಿತು. ಮೇಲಿನ ಮಹಡಿಯವರು ಸುಮ್ನೆ ಕಡಿಮೆ ಅಂಕಿ ನೋಡಿ ಕೊಳ್ಳಬೇಡಿ.

ಅಳತೆಯ ಬಗ್ಗೆಯೂ ಹೇಳಿಬಿಡುತ್ತೇನೆ, ಅಂಗಡಿಗೆ ಎರಡು ಸಲ ಅಲೆಯುವುದು ತಪ್ಪುತ್ತದೆ. ನಲ್ಲಿಯ ಮೂತಿಯ ಒಳಗಡೆ ಮರೆ (ತಿರುಗಿಸಿ ಬಿಗಿಯುವ ಸುರುಳಿ ಗೆರೆ) ಇದ್ದರೆ ಸಾಮಾನ್ಯವಾಗಿ 24 ಎಂಎಂ ಏರೇಟರ್, ಹೊರಗಡೆ ಮರೆ ಇದ್ದರೆ 22 ಎಂಎಂ. ಹಳೆಯ ಹಿತ್ತಾಳೆ ನಲ್ಲಿಗಳಿಗೆ ಮರೆಯೇ ಇರುವುದಿಲ್ಲ. ಅವಕ್ಕೆ ಕ್ಲಿಪ್ ಬಿಗಿಯುವ ಬಗೆಯೂ ಸಿಗುತ್ತದೆ, ಆದರೆ ನಮ್ಮಲ್ಲಿ ಅದು ಪದೇಪದೇ ಕಳಚಿ ಸಿಂಕಿಗೆ ಬೀಳುತ್ತಿತ್ತು. ನಲ್ಲಿಯನ್ನೇ ಬದಲಿಸಿದೆವು. ಕೈಯಲ್ಲೇ ಬಿಗಿ ಮಾಡಿದರೆ ಸಾಕು, ಒಳಗಿನ ವಾಷರ್ ನೀರು ಸೋರದಂತೆ ತಡೆಯುತ್ತದೆ. ಇಕ್ಕಳ ಹಿಡಿಯಲೇಬೇಕಾದರೆ ಬಟ್ಟೆ ಸುತ್ತಿ ಹಿಡಿಯಿರಿ, ಇಲ್ಲದಿದ್ದರೆ ಮೇಲಿನ ಹೊಳಪು ಎದ್ದುಹೋಗುತ್ತದೆ.

ಬಕೆಟ್ ತುಂಬುವ ನಲ್ಲಿಗೆ ಏರೇಟರ್‌ನಿಂದ ಲಾಭವಿಲ್ಲ. ಬಕೆಟ್ ಅಷ್ಟೇ ದೊಡ್ಡದು, ಕಾಯುವ ಹೊತ್ತು ಮಾತ್ರ ಜಾಸ್ತಿ. ಗ್ಯಾಸ್ ಗೀಸರ್ ಇರುವವರು ಬಿಸಿನೀರಿನ ನಲ್ಲಿಗೆ ಹಾಕುವ ಮುಂಚೆ ಯೋಚಿಸಿ. ಹರಿವು ತೀರಾ ಕಡಿಮೆಯಾದರೆ ಆ ಗೀಸರ್ ಹೊತ್ತಿಕೊಳ್ಳುವುದೇ ಇಲ್ಲ.

ಗಡಸು ನೀರಿನ ಮನೆಗಳಲ್ಲಿ ಏರೇಟರ್‌ಗೆ ಆರೈಕೆ ಬೇಕು. ಕೆಲವು ತಿಂಗಳಲ್ಲೇ ಜಾಲರಿಗೆ ಬಿಳಿ ಸುಣ್ಣ ಕಟ್ಟುತ್ತದೆ, ಧಾರೆ ಓರೆಯಾಗುತ್ತದೆ. ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಭಾಗವನ್ನು ಬೇರೆ ಮಾಡಿ, ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಅಥವಾ ವಿನಿಗರ್‌ನಲ್ಲಿ ನೆನೆಸಿದರೆ ಸುಣ್ಣ ಗುಳ್ಳೆ ಎಬ್ಬಿಸುತ್ತಾ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಹೊಸದರಂತೆ ಆಗುತ್ತದೆ. ಲೋಹದ ಉಂಗುರವನ್ನು ಮಾತ್ರ ರಾತ್ರಿಯಿಡೀ ನೆನೆಹಾಕಬೇಡಿ. ಅಡುಗೆಮನೆಯಲ್ಲಿ ಅಂದು ಹಾಕಿದ ಅದೇ ಏರೇಟರ್ ಇವತ್ತಿಗೂ ಇದೆ. ನೂರು ರೂಪಾಯಿಯ ವಸ್ತುವಿನಿಂದ ಇಷ್ಟು ಸಮಾಧಾನ ಸಿಕ್ಕಿದ್ದು ನನಗೆ ನಿಜವಾಗಿಯೂ ಖುಷಿ ಕೊಟ್ಟಿದೆ.

ಎರಡನೆಯದು ಹಾಲು ಉಕ್ಕದಂತೆ ಪಾತ್ರೆಯ ತಳಕ್ಕೆ ಹಾಕುವ ಬಿಲ್ಲೆ. ಅಂಗೈಗಿಂತ ಸ್ವಲ್ಪ ಚಿಕ್ಕದು, ಅಂಚು ಎತ್ತರ, ಒಂದು ಕಡೆ ಸಣ್ಣ ಕಚ್ಚು. ಸ್ಟೀಲಿನದು, ಗಾಜಿನದು, ಪಿಂಗಾಣಿಯದು ಎಲ್ಲ ಸಿಗುತ್ತವೆ. ನಮ್ಮದು ಸ್ಟೀಲಿನದು. ಹಾಲು ಕಾಯುವಾಗ ಮೇಲೆ ಕೆನೆಯ ಪದರ ಕಟ್ಟುತ್ತದೆ, ಕೆಳಗಿನ ಹಬೆಗೆ ದಾರಿ ಸಿಗದೆ ನೊರೆಯಾಗಿ ಮೇಲೇಳುತ್ತದೆ. ಬಿಲ್ಲೆ ತಳದ ಸಣ್ಣ ಗುಳ್ಳೆಗಳನ್ನು ತನ್ನ ಅಡಿಯಲ್ಲಿ ಹಿಡಿದಿಟ್ಟು, ದೊಡ್ಡ ಗುಳ್ಳೆಯಾಗಿ ಬಿಡುತ್ತದೆ. ಆ ದೊಡ್ಡ ಗುಳ್ಳೆ ಪದರವನ್ನು ಒಡೆಯುತ್ತದೆ. ಜೊತೆಗೆ ಬಿಲ್ಲೆ ಕಟಕಟ ಅಂತ ಸದ್ದು ಮಾಡುತ್ತದೆ.

ನಮಗೆ ಹೆಚ್ಚು ಉಪಯೋಗವಾದದ್ದು ಆ ಸದ್ದೇ. ಅತ್ತೆಗೆ ಮಂಡಿನೋವು, ಒಲೆಯ ಮುಂದೆ ನಿಂತು ಹಾಲು ಕಾಯುವುದು ಕಷ್ಟ. ಈಗ ಹಾಲಿಟ್ಟು ಒಳಗೆ ಕುರ್ಚಿಯಲ್ಲಿ ಕೂರುತ್ತಾರೆ, ಕಟಕಟ ಕೇಳಿದ ಮೇಲೆ ಎದ್ದು ಬರುತ್ತಾರೆ. ಸೀಟಿ ಹಾಕುವ ಎರಡು ಪದರದ ಹಾಲಿನ ಕುಕ್ಕರ್ ನಮ್ಮಲ್ಲಿ ಮೊದಲೇ ಇತ್ತು. ಅದರ ಪದರದೊಳಗೆ ನೀರು ತುಂಬಿ, ಬಗ್ಗಿಸಿ, ಖಾಲಿ ಮಾಡುವುದು ವಯಸ್ಸಾದವರ ಕೈಗೆ ಭಾರ. ಬಿಲ್ಲೆಗೆ ಆ ರಗಳೆ ಇಲ್ಲ, ಇರುವ ಪಾತ್ರೆಗೇ ಹಾಕಬಹುದು.

ಮಿತಿಗಳೂ ಇವೆ. ಇದು ಒಲೆ ಆರಿಸುವುದಿಲ್ಲ. ಕಂಠಮಟ್ಟ ಹಾಲು ತುಂಬಿ ಉರಿ ಜೋರಾಗಿಟ್ಟರೆ ಉಕ್ಕಿಯೇ ಉಕ್ಕುತ್ತದೆ. ಪಾತ್ರೆಯಲ್ಲಿ ಮೂರನೇ ಒಂದು ಭಾಗ ಜಾಗ ಬಿಟ್ಟು, ಮಧ್ಯಮ ಉರಿಯಲ್ಲಿ ಇಡಬೇಕು. ಬಿಲ್ಲೆಯನ್ನು ತಣ್ಣನೆಯ ಹಾಲಿಗೇ ಹಾಕಬೇಕು, ಕುದಿಯುವ ಹಾಲಿಗೆ ಹಾಕಿದರೆ ಸಿಡಿಯುತ್ತದೆ. ಅದರ ಅಡಿಯಲ್ಲಿ ಹಾಲು ಕಚ್ಚಿಕೊಳ್ಳುತ್ತದೆ, ತಕ್ಷಣ ನೆನೆಹಾಕಿದರೆ ತೊಳೆಯುವುದು ಸುಲಭ. ಬೇಳೆಯ ನೊರೆಗೆ ಇದನ್ನು ಅಷ್ಟಾಗಿ ನಂಬಬೇಡಿ. ಮೈದುನನ ಮೇಲ್ಮನೆಯ ಗೃಹಪ್ರವೇಶದ ದಿನ ಅತ್ತೆಯೇ ಬಿಲ್ಲೆಯನ್ನು ತೆಗೆದು ಬೇರೆ ಇಟ್ಟರು. ಅವತ್ತು ಹಾಲು ಉಕ್ಕಲೇಬೇಕಲ್ವಾ!

ಬಚ್ಚಲಿನ ಜಾಲರಿಗೆ ಹಾಕುವ ಸಿಲಿಕಾನ್ ತಡೆಯ ಬಗ್ಗೆ ನನ್ನ ಅಭಿಪ್ರಾಯ ಅರ್ಧ ಮಾತ್ರ ಒಳ್ಳೆಯದು. ನೀರು ಬಿದ್ದಾಗ ತೆರೆದುಕೊಂಡು ಆಮೇಲೆ ಮುಚ್ಚಿಕೊಳ್ಳುವ ಮೆತ್ತನೆಯ ನಾಲಗೆ ಅದು. ಜಿರಲೆ, ವಾಸನೆ ಎರಡೂ ಮೇಲೆ ಬರುವುದಿಲ್ಲ. ಆದರೆ ಕೂದಲು ಸಿಕ್ಕಿಕೊಂಡರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ, ವಾರಕ್ಕೊಮ್ಮೆಯಾದರೂ ತೆಗೆದು ತೊಳೆಯಬೇಕು. ಇನ್ನೊಂದು ವಿಷಯ. ಬಚ್ಚಲಿನ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪ್ ಅನ್ನುವ ಬಟ್ಟಲಿನಂಥ ಭಾಗದಲ್ಲಿ ವಾಸನೆ ತಡೆಯಲು ಸ್ವಲ್ಪ ನೀರು ನಿಂತಿರುತ್ತದೆ. ಬಳಸದ ಬಚ್ಚಲಲ್ಲಿ, ಅದರಲ್ಲೂ ಬೇಸಿಗೆಯಲ್ಲಿ ಆ ನೀರು ಆರಿಹೋಗುತ್ತದೆ, ಆಗಲೇ ವಾಸನೆ ಶುರು. ಅಂಥ ಕಡೆ ಆಗಾಗ ಒಂದು ಚೊಂಬು ನೀರು ಹಾಕಿದರೆ ಏನನ್ನೂ ಕೊಳ್ಳಬೇಕಿಲ್ಲ. ನಿತ್ಯ ಬಳಸುವ ಬಚ್ಚಲಿನಲ್ಲೂ ಜಿರಲೆ ಕಾಟ ಇದ್ದರೆ ಮಾತ್ರ ಇದನ್ನು ತನ್ನಿ.

ಬಾಗಿಲ ಕೆಳಗಿನ ಸಂದಿಗೆ ಸಿಕ್ಕಿಸುವ ಎರಡು ಕೊಳವೆಯ ಫೋಮ್ ಪಟ್ಟಿ ಚೆನ್ನಾಗಿದೆ. ಧೂಳು, ಸೊಳ್ಳೆ, ಹಲ್ಲಿ ಕಡಿಮೆಯಾಗಿವೆ. ಹೊರಬಟ್ಟೆ ಮಾತ್ರ ಬೇಗ ಕೊಳೆಯಾಗುತ್ತದೆ.

ದಾರ ಎಳೆದು ತರಕಾರಿ ಹೆಚ್ಚುವ ಡಬ್ಬಿಯನ್ನು ಮಾತ್ರ ಕೊಳ್ಳಿ ಅಂತ ನಾನು ಹೇಳಲಾರೆ. ಈರುಳ್ಳಿ, ಕೊತ್ತಂಬರಿ, ಹಸಿಮೆಣಸಿನಕಾಯಿಗೆ ನಿಜಕ್ಕೂ ಬೇಗ. ಉಪ್ಪಿಟ್ಟಿನ ಬೆಳಗ್ಗೆ ಕಣ್ಣೀರು ತಪ್ಪುತ್ತದೆ. ಹುರುಳಿಕಾಯಿ ಪಲ್ಯಕ್ಕೆ ಹಾಕಿದರೆ ಒಂದು ತುಂಡು ನುಚ್ಚು, ಇನ್ನೊಂದು ಬೆರಳುದ್ದ. ನಮ್ಮಲ್ಲಿದ್ದ ಡಬ್ಬಿಯ ಒಳಗಿನ ನೈಲಾನ್ ದಾರ ಸವೆದು ತುಂಡಾಯಿತು. ಮುಚ್ಚಳ ಬಿಚ್ಚಿ ಬೇರೆ ದಾರ ಹಾಕುವ ವ್ಯವಸ್ಥೆ ಅದರಲ್ಲಿ ಇರಲೇ ಇಲ್ಲ. ಬ್ಲೇಡು ಹರಿತವಾಗಿಯೇ ಇದ್ದರೂ ಪೂರ್ತಿ ಡಬ್ಬಿಯನ್ನೇ ಕಸಕ್ಕೆ ಹಾಕಬೇಕಾಗಿ ಬಂದದ್ದು ಬೇಸರ ತಂದಿತು. ನೀವು ಕೊಳ್ಳುವುದೇ ಆದರೆ ಮುಚ್ಚಳಕ್ಕೆ ಸ್ಕ್ರೂ ಇದೆಯಾ, ದಾರ ಬದಲಿಸಬಹುದಾ ಅಂತ ಅಂಗಡಿಯಲ್ಲೇ ತೆಗೆಸಿ ನೋಡಿ. ನಮ್ಮ ಮನೆಯಲ್ಲಿ ಹುರುಳಿಕಾಯಿಗೆ ಈಳಿಗೆ ಮಣೆಯೇ ಮತ್ತೆ ಕೆಳಗಿಳಿದಿದೆ.