ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ತರಬೇತಿಯೋ, ವಯಸ್ಕ–ವೃದ್ಧರ ಆರೈಕೆಯ ತರಬೇತಿಯೋ?

ಅಮೆರಿಕದಲ್ಲಿ ಪ್ರಾಥಮಿಕ ಆರೈಕೆಯ ನರ್ಸ್ ಪ್ರಾಕ್ಟೀಷನರ್ (ರೋಗ ಪತ್ತೆಹಚ್ಚಿ ಚಿಕಿತ್ಸೆ ನೀಡಲು ಉನ್ನತ ತರಬೇತಿ ಪಡೆದ ನರ್ಸ್) ಆಗಬಯಸುವವರು ಹೆಚ್ಚಾಗಿ ಈ ಎರಡರ ನಡುವೆ ಆಯ್ದುಕೊಳ್ಳುತ್ತಾರೆ. ಫ್ಯಾಮಿಲಿ ತರಬೇತಿಯು ನವಜಾತ ಶಿಶುವಿನಿಂದ ವೃದ್ಧರವರೆಗೆ ಎಲ್ಲರನ್ನೂ ಒಳಗೊಳ್ಳುವುದರಿಂದ, ಮಗುವಿನ ಲಸಿಕೆಯ ದಾಖಲೆ ನೋಡಿದವರೇ ಮರುಗಳಿಗೆಯಲ್ಲಿ ಗರ್ಭಿಣಿಯ ರಕ್ತದೊತ್ತಡ ಪರೀಕ್ಷಿಸಲು ಸಿದ್ಧರಿರಬೇಕು. ವಯಸ್ಕ–ವೃದ್ಧರ ತರಬೇತಿಯು ಹದಿಹರೆಯದವರಿಂದ ವೃದ್ಧರವರೆಗಿನ ರೋಗಿಗಳನ್ನಷ್ಟೇ ಒಳಗೊಳ್ಳುತ್ತದೆ. ವ್ಯಾಪ್ತಿ ಕಿರಿದಾದರೂ ಆಳ ಹೆಚ್ಚು. ವೃದ್ಧೆಯೊಬ್ಬರು ತಲೆ ಸುತ್ತುತ್ತದೆ ಎಂದಾಗ, ಹೊಸ ಕಾಯಿಲೆಯನ್ನು ಹುಡುಕುವ ಮೊದಲು ಅವರು ಸೇವಿಸುತ್ತಿರುವ ಔಷಧಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸಿ, ಮಲಗಿದಾಗಲೂ ನಿಂತಾಗಲೂ ರಕ್ತದೊತ್ತಡ ಅಳೆಯುವಂತಹ ಎಚ್ಚರವನ್ನು ಬೆಳೆಸಿಕೊಳ್ಳಲು ಇಲ್ಲಿ ಹೆಚ್ಚು ಅವಕಾಶವಿದೆ. 2022ರ ರಾಷ್ಟ್ರೀಯ ಮಾನದಂಡದಂತೆ ಎರಡಕ್ಕೂ ಕನಿಷ್ಠ 750 ಗಂಟೆಗಳ ನೇರ ರೋಗಿ ಆರೈಕೆ ಬೇಕು. ಫ್ಯಾಮಿಲಿ ವಿದ್ಯಾರ್ಥಿ ಅದನ್ನು ಎಲ್ಲ ವಯೋಮಾನಗಳಿಗೂ ಹಂಚಬೇಕಾಗುತ್ತದೆ. ಮಕ್ಕಳನ್ನೂ ನೋಡಲೇಬೇಕಾದ ಗ್ರಾಮೀಣ ಕ್ಲಿನಿಕ್‌ಗೆ ಹೋಗುವವರಿಗೆ ಫ್ಯಾಮಿಲಿ ತರಬೇತಿಯೇ ಸೂಕ್ತ. ಮಧುಮೇಹ, ಹೃದ್ರೋಗಗಳಂತಹ ದೀರ್ಘಕಾಲದ ಕಾಯಿಲೆಗಳತ್ತ ಒಲವಿರುವವರಿಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ.